ಕಟ್ಟೆಯ ಕೆಳಗಿನ ಗಟಾರ

ಈಚೆಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ಬೀಡಿ, ತಂಬಾಕು, ಇಸ್ಪೀಟು ಯಾವುದೂ ಅಲ್ಲ. ಅವಾಗಿದ್ದರೆ ಹೇಳಿಕೊಳ್ಳಲು ಇಷ್ಟು ಸಂಕೋಚ ಆಗುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲಿಗಿಂತ ಮೊದಲು ನನ್ನ ಕಣ್ಣು ಆ ಮನೆಯ ಮುಂದಿನ ಗಟಾರಕ್ಕೆ ಹೋಗುತ್ತದೆ. ನೀರು ಹರಿಯುತ್ತಿದೆಯೋ ನಿಂತಿದೆಯೋ? ಮೇಲೆ ಕಲ್ಲು ಹಾಸಿದ್ದಾರೋ, ಹಾಗೇ ಬಿಟ್ಟಿದ್ದಾರೋ? ಹಾಸಿದ್ದರೆ ಎತ್ತಲು ಬರುತ್ತದೋ, ಸಿಮೆಂಟು ಹಾಕಿ ಬಿಗಿದಿದ್ದಾರೋ? ಇಷ್ಟು ನೋಡಿಕೊಂಡ ಮೇಲೆಯೇ ಮನೆಯವರ ಮುಖ ನೋಡುವುದು.

ಹೋದ ತಿಂಗಳು ಲಿಂಗಸುಗೂರಿನಲ್ಲಿ ಬೀಗರ ಕಡೆ ಒಂದು ಮದುವೆ. ಮಂಟಪದ ಬಾಗಿಲಲ್ಲಿ ರೇಷ್ಮೆ ಲಂಗದ ಹುಡುಗಿಯರು ಪನ್ನೀರುದಾನಿ ಹಿಡಿದು ನಿಂತಿದ್ದರು. ನಾನು ಪಂಚೆ ಎತ್ತಿ ಹಿಡಿದು, ಸೊಂಟ ಬಗ್ಗಿಸಿ, ಮೆಟ್ಟಿಲ ಕೆಳಗಿನ ಕತ್ತಲೆಗೆ ಇಣುಕುತ್ತಿದ್ದೆ. ಹೆಂಡತಿಯ ತಮ್ಮ ಗಾಬರಿಯಿಂದ ಓಡಿ ಬಂದ.

"ಮಾಮಾ, ಏನ್ ಬಿತ್ರೀ? ಹಲ್ಲಿನ ಸೆಟ್ಟೇನ್ರಿ?"

"ಏನೂ ಬಿದ್ದಿಲ್ಲ," ಅಂದಳು ನಮ್ಮ ಮನೆಯಾಕೆ. "ಮಂದಿಗೆ ದೆವ್ವ ಬಡಕೋತೈತಿ. ನಿಮ್ಮ ಮಾಮಾಗ ಗಟಾರ ಬಡಕೊಂಡೈತಿ."

ಹುಡುಗಿಯರು ನಕ್ಕರು. ನಾನೂ ನಕ್ಕೆ. ಹೆಂಡತಿ ಮಾತ್ರ ನಗಲಿಲ್ಲ. ಈ ಚಟ ಎಲ್ಲಿಂದ ಹತ್ತಿತು ಅನ್ನುವುದು ಆಕೆಗೆ ಗೊತ್ತು. ಅದನ್ನು ನಿಮಗೂ ಹೇಳಬೇಕು ಅಂತಲೇ ಕೂತಿದ್ದೇನೆ. ಆದರೆ ಹೇಳಲು ಮನಸ್ಸಿಲ್ಲ. ಮನಸ್ಸಿಲ್ಲದ ಕೆಲಸಕ್ಕೆ ಮೊದಲು ಮನುಷ್ಯ ಏನು ಮಾಡುತ್ತಾನೆ? ಬೇರೆ ಮಾತು ತೆಗೆಯುತ್ತಾನೆ. ನಾನು ನಮ್ಮ ಅಪ್ಪನ ಮಾತು ತೆಗೆಯುತ್ತೇನೆ.

ನಮ್ಮ ಅಪ್ಪ ಲಿಂಗಸುಗೂರಿನ ಕಚೇರಿ ಮುಂದೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದ. ಮೊಣಕಾಲೆತ್ತರದ ಒಂದು ಮೇಜು, ಎರಡು ಮಸಿ ದೌತಿ, ಹಾಸಿಕೊಳ್ಳಲು ಒಂದು ಜಮಖಾನೆ, ಇಷ್ಟೇ ಆತನ ಆಫೀಸು. ಉರ್ದು, ಕನ್ನಡ ಎರಡೂ ಅಕ್ಷರ ಮುತ್ತು ಪೋಣಿಸಿದ ಹಾಗೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಹಸಿ ಅಕ್ಷರದ ಮೇಲೆ ಒತ್ತುಗಾಗದ ಇಡುತ್ತಿದ್ದೆ. ಮುದಗಲ್ ಕಡೆಯಿಂದ, ಮಸ್ಕಿ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ಗಂಟೆಗಟ್ಟಲೆ ತಮ್ಮ ಗೋಳು ಹೇಳುತ್ತಿದ್ದರು. ಅಪ್ಪ ಪೂರಾ ಕೇಳಿ, ಅದನ್ನು ನಾಲ್ಕು ಸಾಲಿಗೆ ಇಳಿಸುತ್ತಿದ್ದ.

ಒಮ್ಮೆ ಮುದಗಲ್ ಕಡೆಯ ಒಬ್ಬ ಅಜ್ಜಿ ಬಂದಿದ್ದಳು. ಅವಳ ಆಡನ್ನು ಕೊಂಡವಾಡೆಗೆ, ಅಂದರೆ ಸರ್ಕಾರಿ ದೊಡ್ಡಿಗೆ, ಹಾಕಿದ್ದರು. ಆಡಿನಿಂದ ಶುರುಮಾಡಿ, ಸತ್ತ ಗಂಡ, ಮಾತಾಡಿಸದ ಅಳಿಯ, ಎಲ್ಲವನ್ನೂ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ನಾಲ್ಕು ಸಾಲು ಬರೆದು ಓದಿ ಹೇಳಿದ. ಅಜ್ಜಿಗೆ ಸಮಾಧಾನ ಆಗಲಿಲ್ಲ.

"ನಾ ಅತ್ತಿದ್ದು ಎಲ್ಲಿ ಬರದಿ?"

ಅಪ್ಪ ಒಂದು ಕ್ಷಣ ಅವಳ ಮುಖ ನೋಡಿದ. ಮತ್ತೆ ಲೇಖನಿ ಅದ್ದಿ, ಕೆಳಗೆ ಒಂದು ಸಾಲು ಸೇರಿಸಿದ: "ಅರ್ಜಿದಾರಳು ಬಹಳ ದುಃಖದಲ್ಲಿದ್ದಾಳೆ." ಅಜ್ಜಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು.

ಆ ದಿನ ಮನೆಗೆ ಬರುವಾಗ ಅಪ್ಪ ಹೇಳಿದ್ದ: "ಅರ್ಜಿಯೊಳಗ ಬರಿಯಾವ ಕಾಣಬಾರದು ತಮ್ಮಾ. ಅತ್ತಾಕಿ ಕಾಣಬೇಕು."

ಅಪ್ಪನ ಅಕ್ಷರ ನನಗೆ ಬಂತು. ಈ ಮಾತೂ ಬಂತು. ಅಪ್ಪ ಅದನ್ನು ವಿನಯದಿಂದ ಹೇಳಿದ್ದ. ನಾನು ಅದನ್ನು ಅಡಗಿಕೊಳ್ಳಲು ಬಳಸಿಕೊಂಡೆ. ನೋಡಿ, ಸುತ್ತಿ ಬಳಸಿ ಅಲ್ಲಿಗೇ ಬಂದೆ.

ನಮ್ಮ ಊರು ಯಾವುದು ಅಂತ ಮಾತ್ರ ಕೇಳಬೇಡಿ. ಸಿಂಧನೂರಿನಲ್ಲಿ ಬಸ್ಸು ಹತ್ತಿದರೂ ಬರುತ್ತದೆ, ಮಸ್ಕಿಯಲ್ಲಿ ಹತ್ತಿದರೂ ಬರುತ್ತದೆ, ಅಷ್ಟು ಸಾಕು. ನಾನು ನೌಕರಿಗೆ ಸೇರಿದಾಗ ಹಳ್ಳಿ ಆಗಿತ್ತು. ಈಗ ಪುರಸಭೆ ಆಗಿದೆ. ಬೋರ್ಡು ಬದಲಾಗಿದೆ, ಗಟಾರ ಅದೇ ಇದೆ. ಇಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದೆ. ಮೂವತ್ತು ವರ್ಷ ನಿಂತು ಕಲಿಸಿದವನಿಗೆ ಇನ್ನು ಕೂಡಬೇಕು ಅನ್ನಿಸಿತು. ಮನೆ ಮುಂದೆ ಒಂದು ಕಟ್ಟೆ ಕಟ್ಟಿಸಿದೆ.

ಕಟ್ಟೆ ಅಂದರೆ ಸಾಮಾನ್ಯ ಕಟ್ಟೆಯಲ್ಲ. ನುಣುಪಾದ ಪರಸಿ ಕಲ್ಲು, ಬೆನ್ನಿಗೆ ಒರಗು, ಹತ್ತಲು ಎರಡು ಮೆಟ್ಟಿಲು, ಪಕ್ಕದಲ್ಲಿ ತುಳಸಿಗೆ ಜಾಗ. ಮನೆಗೂ ರಸ್ತೆಗೂ ನಡುವೆ ಗಟಾರ ಇತ್ತಲ್ಲ, ಕಟ್ಟೆ ಅದರ ಮೇಲೆಯೇ ಕೂತಿತು. ಕೆಳಗೆ ನೀರು ಹೋಗಲು ಒಂದು ಸಿಮೆಂಟ್ ಪೈಪು ಇಡಿಸಿದೆ. ಗೌಂಡಿ ಮೌನೇಶ ಕರಣಿ ಕೆಳಗಿಟ್ಟು ಹೇಳಿದ: "ಸರ, ಪೈಪ್ ಸಣ್ಣದಾಗತೈತ್ರಿ. ಕಸ ಸಿಕ್ಕೊಂಡ್ರ ತಗಿಯಾಕ ಬರಂಗಿಲ್ಲ. ಮ್ಯಾಲೆ ಎರಡು ಕಲ್ಲು ಸಡ್ಲ ಇಡೋಣ್ರಿ, ಬೇಕಾದಾಗ ಎತ್ತಾಕ ಬರತೈತಿ."

"ಸಡ್ಲ ಇಟ್ರ ಕುಂತಾಗ ಅಲುಗ್ಯಾಡತಾವಪ್ಪ. ಇರ್ಲಿ ಬಿಡು. ಓಣ್ಯಾಗ ಎಲ್ಲಾರೂ ಹಿಂಗ ಮಾಡ್ಯಾರ."

"ಎಲ್ಲಾರೂ" ಅನ್ನುವ ಪದ ಎಷ್ಟು ಅಗಲ ನೋಡಿ. ಅದರ ಕೆಳಗೆ ಎಂಥ ಗಟಾರವನ್ನೂ ಮುಚ್ಚಬಹುದು.

ಕಟ್ಟೆ ಆದ ಮೇಲೆ ಸಂಜೆ ನಮ್ಮ ದರ್ಬಾರು ಅಲ್ಲಿಯೇ. ಪೋಸ್ಟ್ ಆಫೀಸಿನಿಂದ ನಿವೃತ್ತರಾದವರೊಬ್ಬರು, ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟವರೊಬ್ಬರು, ನಾನು. ಅಲ್ಲಿ ಕೂತು ನಾವು ತಿದ್ದದ ಸರ್ಕಾರವಿಲ್ಲ, ನಿಲ್ಲಿಸದ ಯುದ್ಧವಿಲ್ಲ. "ಊರು ಹೊಲಸಾತ್ರಿ, ಮಂದಿಗೆ ಬುದ್ಧಿ ಇಲ್ಲ," ಎಂದು ದಿನಕ್ಕೊಮ್ಮೆ ಹೇಳುತ್ತಿದ್ದೆವು. ಆಗ ಕೆಳಗೆ ಪೈಪಿನಲ್ಲಿ ಗುಳುಗುಳು ಸದ್ದಾಗುತ್ತಿತ್ತು. ಕೆಲವು ತಿಂಗಳಾದ ಮೇಲೆ ಆ ಸದ್ದು ನಿಂತಿತು. ನಮ್ಮ ಮಾತು ನಿಲ್ಲಲಿಲ್ಲ.

ಎದುರು ಸಾಲಿನಲ್ಲಿ, ನಮ್ಮ ಮನೆಗಿಂತ ಎರಡು ಮನೆ ಕೆಳಗೆ, ಬಾಡಿಗೆ ಕೋಣೆಯಲ್ಲಿ ಅಂಗನವಾಡಿ ಇತ್ತು. ಗೋಡೆಯ ಮೇಲೆ ಆನೆ, ನವಿಲು, ಅ ಆ ಇ ಈ. ರಸ್ತೆಗೆ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಹಾಕಿ ಹಾಕಿ ರಸ್ತೆ ಎತ್ತರವಾಗಿ, ಅಂಗನವಾಡಿ ಹೊಸ್ತಿಲು ಕೆಳಗಾಗಿತ್ತು. ನಮ್ಮ ಕಟ್ಟೆಯ ಹತ್ತಿರ ಗಟಾರ ತುಂಬಿ ಉಕ್ಕಿದರೆ, ಆ ನೀರು ರಸ್ತೆ ದಾಟಿ ಇಳಿಜಾರು ಹಿಡಿದು ನೆಟ್ಟಗೆ ಆ ಹೊಸ್ತಿಲಿಗೆ ಹೋಗುತ್ತಿತ್ತು.

ಅಲ್ಲಿನ ಟೀಚರ್ ರೇಣುಕಾ ನನ್ನ ಶಿಷ್ಯೆ. ಎಂಟನೇ ತರಗತಿಗೆ ಬಂದಾಗ ಬಾಯೇ ತೆರೆಯದ ಹುಡುಗಿ. ಪಾಠ ಓದಿಸಿದರೆ ತುಟಿ ಮಾತ್ರ ಅಲುಗುತ್ತಿತ್ತು. ನಾನು ಹಟ ಹಿಡಿದು ಅವಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡಿ ಸಿಂಧನೂರಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಒಂದೇ ಮಾತು: "ಮುಂದ ಕುಂತಾವ್ರನ್ನ ನೋಡಬ್ಯಾಡ. ಕಡೇ ಸಾಲಿನಾಗ ಕುಂತಾವಗ ಕೇಳಬೇಕು, ಹಂಗ ಮಾತಾಡು. ಖರೇ ಮಾತಿಗೆ ದನಿ ಸಣ್ಣದಿರಬಾರದು." ಅವಳಿಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಆ ಡಬ್ಬಿಯಲ್ಲೇ ಮಿರ್ಚಿ ಕಟ್ಟಿಸಿಕೊಂಡು ತಿಂದೆವು. ಡಬ್ಬಿ ಎಣ್ಣೆಯಾಯಿತು ಅಂತ ಅವಳ ಅವ್ವ ನನ್ನನ್ನು ಬಹಳ ದಿನ ಬೈದಿದ್ದಳಂತೆ.

ಅಂಗನವಾಡಿಯಲ್ಲಿ ಅವಳ ಜೊತೆ ಇದ್ದ ಆಯಾ ಹುಸೇನಬಿ. ನಮ್ಮ ಓಣಿಯ ಕೊನೆಯಲ್ಲಿ ಮನೆ. ಐವತ್ತು ದಾಟಿದ ಹೆಂಗಸು, ಕಡ್ಡಿಯ ಹಾಗೆ ಇದ್ದರೂ ಎರಡೂ ಕಂಕುಳಲ್ಲಿ ಒಂದೊಂದು ಮಗು ಹೊತ್ತು ಓಡಾಡುತ್ತಿದ್ದಳು. ಮನೆ ಬಿಟ್ಟು ಬರಲು ಅಳುವ ಮಕ್ಕಳನ್ನು ಎತ್ತಿಕೊಂಡು ಬರುವುದೂ ಅವಳೇ.

ಒಂದು ದಿನ ಮಧ್ಯಾಹ್ನ ರೇಣುಕಾ ನಮ್ಮ ಮನೆಗೆ ಬಂದಳು. ಕಾಲಿಗೆ ಕೆಸರಾಗಿತ್ತು. ಮೆಟ್ಟಿಲಲ್ಲೇ ನಿಂತಳು.

"ಸರ, ಗಟಾರದ ನೀರು ಒಳಗ ಬರಾಕತ್ತೈತ್ರಿ. ಚಾಪಿ ಎಲ್ಲಾ ತೊಯ್ದಾವ. ಮಕ್ಕಳನ್ನ ಎಲ್ಲಿ ಕುಂದ್ರಸಬೇಕು ತಿಳೀವಲ್ದು. ಪುರಸಭೆಯಾಗ ಕುಂದುಕೊರತೆ ಸಭಾ ಐತಂತ. ಒಂದು ಅರ್ಜಿ ಬರಕೊಡ್ರಿ. ನೀವು ಬರದ್ರ ಅದರ ತೂಕ ಬ್ಯಾರೆ."

ಹೊಗಳಿಕೆಗೆ ನಾನು ಬೇಗ ಕರಗುವ ಮನುಷ್ಯ. ಕೂಡಲೇ ಒಳಗಿನಿಂದ ಬಿಳಿ ಹಾಳೆ ತರಿಸಿದೆ. ಅದೇ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದೆ: "ಸದರಿ ಓಣಿಯ ಚರಂಡಿಯು ಮಧ್ಯಭಾಗದಲ್ಲಿ ಮುಚ್ಚಲ್ಪಟ್ಟಿದ್ದು, ನೀರು ಹರಿಯಲು ಅಡಚಣೆ ಉಂಟಾಗಿರುತ್ತದೆ."

ಕನ್ನಡ ಮಾಸ್ತರನಾದ ನನಗೆ ಕರ್ಮಣಿ ಪ್ರಯೋಗದ ಸುಖ ಗೊತ್ತು. "ಮುಚ್ಚಲ್ಪಟ್ಟಿದೆ" ಅಂದರೆ ಸಾಕು, ಮುಚ್ಚಿದವನು ಯಾರು ಅಂತ ವಾಕ್ಯ ಕೇಳುವುದೇ ಇಲ್ಲ. ನನಗೆ ಆಗ ಗೊತ್ತಿತ್ತೇ? ಪೂರಾ ಗೊತ್ತಿತ್ತು ಅಂದರೆ ನನ್ನನ್ನು ನಾನು ಹೆಚ್ಚು ಬೈದುಕೊಂಡ ಹಾಗೆ. ಗೊತ್ತಿರಲಿಲ್ಲ ಅಂದರೆ ಸುಳ್ಳು. ಅಲ್ಲಿ ನೋಡುವುದು ಬೇಡ ಅಂತ ಅಂದುಕೊಂಡಿದ್ದೆ, ಅಷ್ಟು ನಿಜ.

ಸಭೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಪುರಸಭೆಯ ಸಭಾಂಗಣ ತುಂಬಿತ್ತು. ಮೇಲೆ ಅಧ್ಯಕ್ಷರು, ಮುಖ್ಯಾಧಿಕಾರಿ, ಎಂಜಿನಿಯರು. ಕೆಳಗೆ ಪ್ಲಾಸ್ಟಿಕ್ ಖುರ್ಚಿಯ ಮೇಲೆ ನಾವು. ನಾನು ರೂಢಿಯಂತೆ ಕಡೇ ಸಾಲಿಗೆ ಹೋಗಿ ಕೂತೆ.

ಮೊದಲು ಎದ್ದ ಹಿರಿಯರು ಹಂದಿಯ ಮಾತು ತೆಗೆದರು. "ಹೋದ ಸಭಾದಾಗ ಹಿಡೀತೀವಿ ಅಂದ್ರಿ. ಹಿಡದದ್ದು ಎಲ್ಲಿ? ನಮ್ಮ ಓಣಿ ಹಂದಿ ಈಗ ನನ್ನ ಗುರ್ತು ಹಿಡೀತಾವ್ರಿ, ಅಷ್ಟ ಆಗೇತಿ." ಸಭೆ ನಕ್ಕಿತು. ಒಬ್ಬ ಹೆಂಗಸು ಖಾಲಿ ಕೊಡವನ್ನೇ ತಂದಿದ್ದಳು. "ನೀರು ಬಿಡಾ ಹೊತ್ತು ಹೇಳ್ರಿ ಸಾಕು. ಬರಾ ನೀರಿಗೆ ಕಾಯಬೌದು. ಬರಲಾರದ ನೀರಿಗೆ ಕಾದು ಸಾಕಾಗೇತಿ." ಮತ್ತೊಬ್ಬ, ತಮ್ಮ ಬೀದಿ ದೀಪ ಹಗಲೆಲ್ಲ ಉರಿಯುತ್ತದೆ ಅಂದ. "ಉರೀತೈತಲ್ಲಪ್ಪ!" ಅಂದರು ಮೇಲಿನಿಂದ ಯಾರೋ. ಮತ್ತೆ ನಗು. ಇಂಥ ಸಭೆಗಳಲ್ಲಿ ನಗು ಬಹಳ. ಅದು ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ ಅಂತ ಕಾಣುತ್ತದೆ.

ಆಮೇಲೆ ರೇಣುಕಾ ಎದ್ದಳು. ಮೈಕು ಕೊಂಯ್ ಅಂದಿತು. ಅವಳು ಅದನ್ನು ಪಕ್ಕಕ್ಕಿಟ್ಟು ಬರೀ ಬಾಯಲ್ಲೇ ಮಾತಾಡಿದಳು. "ಮೂವತ್ತು ಮಕ್ಕಳು ಅದಾವ್ರಿ. ಹಸಿ ಚಾಪಿ ಮ್ಯಾಲೆ ಕುಂದ್ರತಾವ. ಊಟಕ್ಕ ಕುಂತಾಗ ಗಂಗಾಳದ ಕೆಳಗ ಹೊಲಸು ನೀರು ಹರೀತೈತಿ. ನಿಮ್ಮ ಮನ್ಯಾಗ ಇಂಥಲ್ಲಿ ಮಕ್ಕಳಿಗೆ ಉಣ್ಣಾಕ ಕುಂದ್ರಸ್ತೀರೇನ್ರಿ?" ಕಡೇ ಸಾಲಿನಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿತು. ನನಗೆ ಹೆಮ್ಮೆಯಾಯಿತು. ಪಕ್ಕದವನಿಗೆ, "ನನ್ನ ಸ್ಟೂಡೆಂಟು," ಅಂದೆ.

ಎಂಜಿನಿಯರು ಅರ್ಜಿ ನೋಡಿ ಕೇಳಿದರು: "ಮಧ್ಯಭಾಗ ಅಂತ ಬರದೀರಿ. ಯಾವ ಜಾಗಾದಾಗ ಕಟ್ಟೈತಿ ಅಂತ ಹೇಳ್ರಿ, ನಾಳೆನ ಕ್ಲಿಯರ್ ಮಾಡಸ್ತೀವಿ."

ರೇಣುಕಾ ತಿರುಗಿ ಕಡೇ ಸಾಲು ನೋಡಿದಳು.

"ನಮ್ಮ ಸರ್ ಬಂದಾರ್ರಿ. ಅವರ ಮನಿ ಅಲ್ಲೇ ಐತಿ. ಅವರು ಹೇಳ್ತಾರ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. "ನನ್ನ ಕಟ್ಟೆಯ ಕೆಳಗೆ" ಎಂಬ ಮೂರೇ ಪದ ಸಾಕಾಗಿತ್ತು. ನಾನು ಏನು ಮಾಡಿದೆ ಗೊತ್ತೇ? ಭಾಷಣ ಮಾಡಿದೆ. ಸ್ವಚ್ಛತೆ ಬರೀ ಪುರಸಭೆಯ ಕೆಲಸವಲ್ಲ ಅಂದೆ. ಪ್ರತಿಯೊಬ್ಬ ನಾಗರಿಕನೂ ತನ್ನ ಮನೆಯ ಮುಂದಿನ ಜಾಗಕ್ಕೆ ತಾನೇ ಹೊಣೆ ಅಂದೆ. ಕಸವನ್ನು ಗಟಾರಕ್ಕೆ ಎಸೆಯುವ ಮನೋಭಾವ ಹೋಗಬೇಕು ಅಂದೆ. ಎರಡು ಗಾದೆಯನ್ನೂ ಹೇಳಿದ ನೆನಪು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು, "ಮಾಸ್ತರ್ ಎಷ್ಟು ಛಂದ ಹೇಳಿದ್ರು ನೋಡ್ರಿ," ಅಂದರು. ಎಂಜಿನಿಯರು ಅರ್ಜಿಯ ಮೇಲೆ "ಪರಿಶೀಲಿಸುವುದು" ಅಂತ ಬರೆದು ಮುಂದಿನವರನ್ನು ಕರೆದರು.

ಸಭೆ ಮುಗಿದ ಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಇತ್ತು. ನಾನು ತಿಂದೆ. ರೇಣುಕಾ ತಿನ್ನಲಿಲ್ಲ.

"ಹೋಗಿ ಬರ್ತೀನ್ರಿ ಸರ. ಛಲೋ ಮಾತಾಡಿದ್ರಿ," ಅಂದು ಹೊರಟಳು. ಅವಳ ದನಿ ಎಂಟನೇ ತರಗತಿಯಲ್ಲಿದ್ದಷ್ಟು ಸಣ್ಣದಾಗಿತ್ತು.

ಮನೆಗೆ ಬಂದರೆ ಹೆಂಡತಿ ಪಡಸಾಲೆಯಲ್ಲಿ ಮೆಂತೆ ಪಲ್ಲೆ ಸೋಸುತ್ತಿದ್ದಳು. ಸಭೆಯ ಕಥೆಯನ್ನೆಲ್ಲ ಹೇಳಿದೆ, ಚಪ್ಪಾಳೆಯನ್ನೂ ಬಿಡದೆ.

"ಕಟ್ಟಿ ಮಾತು ಹೇಳಿದ್ರೇನು?"

"ಅದನ್ನ ಯಾರೂ ಕೇಳಲಿಲ್ಲ."

"ಕೇಳಿದ್ರು ಅಂತ ಈಗ ನೀವ ಹೇಳಿದ್ರಲ್ಲ," ಅಂದು ಆಕೆ ಮತ್ತೆ ಎಲೆ ಬಿಡಿಸತೊಡಗಿದಳು.

ಮರುದಿನ ಪುರಸಭೆಯವರು ನಿಜವಾಗಿಯೂ ಬಂದರು. ಸಲಿಕೆ, ಹಾರೆ ಹಿಡಿದ ಮೂವರು ಕೆಲಸಗಾರರು, ಜೊತೆಗೊಬ್ಬ ನಿರೀಕ್ಷಕ. ಓಣಿಯ ಮೇಲಿನಿಂದ ಗಟಾರ ಬಳಿದುಕೊಂಡು ನಮ್ಮ ಮನೆಯವರೆಗೆ ಬಂದರು. ಹಾರೆ ಹಿಡಿದಿದ್ದವನು ಕಟ್ಟೆಯ ಕೆಳಗೆ ಬಗ್ಗಿ ನೋಡಿ, "ಇಲ್ಲೇ ಐತ್ರಿ ಸಾಹೇಬ್ರ, ಇದನ್ನ ಒಡೀಬೇಕು," ಅಂದ.

ನಿರೀಕ್ಷಕ ನನ್ನ ಮುಖ ನೋಡಿದ. ಅವನೂ ನನ್ನ ಶಾಲೆಯಲ್ಲಿ ಓದಿದವನೇ.

"ಏ, ಸರ್ ಮನಿ ಅದು. ಹೋಗ್ಲಿ ಬಿಡು. ಆ ಕಡಿಂದ ಬಳೀರಿ."

"ಅವ ಹೇಳೋದು ಖರೇ ಐತಪ್ಪ, ಒಡೀರಿ" ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ನನ್ನ ಬಾಯಿ, "ಚಾ ಕುಡೀರಿ," ಅಂದಿತು. ಅವರೆಲ್ಲ ಅದೇ ಕಟ್ಟೆಯ ಮೇಲೆ ಕೂತು ಚಾ ಕುಡಿದರು. ಹಾರೆಯವನು ಮಾತ್ರ ನಿಂತುಕೊಂಡೇ ಕುಡಿದ. ಕಪ್ಪು ವಾಪಸು ಕೊಡುವಾಗ ನನ್ನನ್ನು ಒಂದು ಸಲ ನೋಡಿದ.

ಎರಡು ವಾರ ಕಳೆದು ಒಂದು ಬೆಳಿಗ್ಗೆ ದೊಡ್ಡ ಮಳೆ ಬಂತು. ನಮ್ಮ ಕಡೆ ಮಳೆ ಬಂದರೆ ಎಲ್ಲರಿಗೂ ಖುಷಿ, ನನಗೂ ಖುಷಿ. ಕಟ್ಟೆಯ ಮೇಲಿನ ತಗಡಿನ ಕೆಳಗೆ ನಿಂತು ನೋಡುತ್ತಿದ್ದೆ. ಮೇಲಿನ ಓಣಿಯಿಂದ ಕೆಂಪು ನೀರು ನುಗ್ಗಿ ಬಂದು, ನನ್ನ ಕಾಲ ಕೆಳಗೆ ತಡೆದು, ಸುತ್ತು ಹೊಡೆದು, ರಸ್ತೆಗೆ ಉಕ್ಕಿತು. ಎದುರು ಅಂಗನವಾಡಿಯ ಬಾಗಿಲಲ್ಲಿ ಕೂಗಾಟ ಎದ್ದಿತು. ರೇಣುಕಾ ಒಳಗಿನಿಂದ ಮಕ್ಕಳನ್ನು ಎತ್ತಿ ಕೊಡುತ್ತಿದ್ದಳು. ಹುಸೇನಬಿ ಒಂದೊಂದನ್ನೇ ಹೊತ್ತು ಪಕ್ಕದ ಮನೆಯ ಎತ್ತರದ ಪಡಸಾಲೆಗೆ ದಾಟಿಸುತ್ತಿದ್ದಳು. ನಾನು ಕೊಡೆ ಹುಡುಕಲು ಒಳಗೆ ಹೋದೆ. ನೋಡಿ, ಕೊಡೆ! ಹೊರಗೆ ಬರುವಷ್ಟರಲ್ಲಿ ಹುಸೇನಬಿ ಹೊಸ್ತಿಲ ಪಾಚಿಯ ಮೇಲೆ ಜಾರಿದ್ದಳು. ಬೀಳುವಾಗ ಎಡಗೈಯಲ್ಲಿದ್ದ ಮಗುವನ್ನು ಮೇಲೆ ಎತ್ತಿ ಹಿಡಿದಿದ್ದಳು. ಇಡೀ ಮೈಭಾರ ಬಲಗೈ ಮೇಲೆ ಬಿತ್ತು. ಮಗುವಿಗೆ ಒಂದು ಗೀರೂ ಆಗಲಿಲ್ಲ.

ನಾನು ಓಡಿ ಹೋಗಿ ಮಗುವನ್ನು ಇಸಿದುಕೊಂಡೆ. ಹುಸೇನಬಿ ಆ ನೀರಿನಲ್ಲಿ ಕೂತೇ ಕೇಳಿದಳು: "ಕೂಸಿಗೇನೂ ಆಗಿಲ್ಲಲ್ರಿ ಮಾಸ್ತರ್ರೆ?" ಅವಳ ಮಣಿಕಟ್ಟು ಬೇರೆಯೇ ದಿಕ್ಕಿಗೆ ತಿರುಗಿತ್ತು.

ಆಟೋದಲ್ಲಿ ಸಿಂಧನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ತೆಗೆದ ಮೇಲೆ ಎಲುಬು ಕೂಡಿತ್ತು, ಆದರೆ ಕೈ ಮೊದಲಿನಂತೆ ತಿರುಗುತ್ತಿರಲಿಲ್ಲ. ಭಾರ ಎತ್ತಬಾರದು ಅಂದರು. ಮಕ್ಕಳನ್ನು ಎತ್ತುವುದೇ ಅವಳ ಕೆಲಸವಾಗಿತ್ತು. ಅದನ್ನು ಬಿಟ್ಟು ಮನೆಯಲ್ಲಿ ಕೂತಳು.

ಆ ತಿಂಗಳಲ್ಲೇ ಇಲಾಖೆಯವರು ಬಂದು ಕೋಣೆ ನೋಡಿ, ಇದು ಮಕ್ಕಳಿಗೆ ತಕ್ಕ ಜಾಗವಲ್ಲ ಅಂತ ಅಂಗನವಾಡಿಯನ್ನು ಮೇನ್ ರೋಡಿನ ಆಚೆಗೆ ಸ್ಥಳಾಂತರ ಮಾಡಿದರು. ಅವರದು ತಪ್ಪಲ್ಲ. ಆದರೆ ಆ ರಸ್ತೆಯಲ್ಲಿ ಸಿಂಧನೂರಿನ ಮಿಲ್ಲುಗಳಿಗೆ ಭತ್ತದ ಲಾರಿ ಒಂದರ ಹಿಂದೆ ಒಂದು ಓಡುತ್ತವೆ. ಕೂಲಿಗೆ ಹೋಗುವ ತಾಯಂದಿರು ದಿನಾ ಎರಡು ಸಲ ಮಕ್ಕಳನ್ನು ಅದರಾಚೆ ದಾಟಿಸುವುದು ಹೇಗೆ? ಒಂದು ವಾರ ಕಳಿಸಿದರು, ಎರಡು ವಾರ ಕಳಿಸಿದರು. ಆಮೇಲೆ ನಮ್ಮ ಓಣಿಯ ಮಕ್ಕಳು ಮನೆ ಬಾಗಿಲಲ್ಲಿ ಮಣ್ಣಾಡುತ್ತ ಉಳಿದವು. ಕೆಲವನ್ನು ತಾಯಂದಿರು ಭತ್ತದ ಗದ್ದೆಯ ಬದುವಿಗೇ ಕರೆದುಕೊಂಡು ಹೋಗತೊಡಗಿದರು. ಆನೆ, ನವಿಲಿನ ಕೋಣೆಯಲ್ಲಿ ಈಗ ಸಿಮೆಂಟ್ ಚೀಲ ಒಟ್ಟಿದ್ದಾರೆ.

ಒಂದು ಬೆಳಿಗ್ಗೆ ಚಾ ಕುಡಿಯುವುದನ್ನೂ ಬಿಟ್ಟು ಮೌನೇಶನ ಮನೆಗೆ ಹೋದೆ.

"ಕಟ್ಟಿ ಒಡೀಬೇಕಪ್ಪ."

ಅವನು ಮುಖ ತೊಳೆಯುತ್ತಿದ್ದವನು ತಿರುಗಿ ನೋಡಿದ. "ನಾ ಅವತ್ತ ಹೇಳಿದ್ದೆ" ಅನ್ನುತ್ತಾನೆ ಅಂತ ಕಾದೆ. ಅಂದಿದ್ದರೆ ಹಗುರಾಗುತ್ತಿತ್ತು. ಅವನು ಹಾರೆ ತೆಗೆದುಕೊಂಡು ಹಿಂದೆ ಬಂದ. ಪರಸಿ ಕಲ್ಲು ಎದ್ದವು. ಪೈಪು ಒಡೆದರೆ ಒಳಗೆ ಹಾಲಿನ ಪಾಕೀಟು, ಹರಿದ ಚಪ್ಪಲಿ, ನಮ್ಮದೇ ತುಳಸಿಯ ಒಣ ಕಡ್ಡಿ, ಗುಟಖಾ ಚೀಟಿ ಎಲ್ಲಾ ಸೇರಿ ಗಟ್ಟಿ ಉಂಡೆ ಆಗಿತ್ತು. ಅದನ್ನು ಎಳೆದು ತೆಗೆದ ಕೂಡಲೇ ನೀರು ಭರ್ರನೆ ಹರಿಯಿತು. ಅರ್ಧ ದಿನದ ಕೆಲಸ. ಬರೀ ಅರ್ಧ ದಿನದ ಕೆಲಸ!

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಈಗ ಎಲ್ಲಿ ಕುಂದ್ರತೀರಿ?" ಅಂದಳು. ಆಕೆ ಕುಹಕದಿಂದ ಕೇಳಲಿಲ್ಲ.

ಆ ವಾರವೇ ಮೇನ್ ರೋಡ್ ದಾಟಿ ಹೊಸ ಅಂಗನವಾಡಿಗೆ ಹೋದೆ. ದಾಟಲು ನನಗೇ ಬಹಳ ಹೊತ್ತು ಬೇಕಾಯಿತು. ರೇಣುಕಾ ಮಕ್ಕಳಿಗೆ ಉಣ್ಣಲು ಇಕ್ಕುತ್ತಿದ್ದಳು. ಮಕ್ಕಳೆಲ್ಲ ಆಚೆ ಓಣಿಯವು, ಒಂದರ ಗುರುತೂ ನನಗಿರಲಿಲ್ಲ. ಖುರ್ಚಿ ತರಲು ಹೋದವಳನ್ನು ತಡೆದು, ನಿಂತೇ ಹೇಳಿದೆ.

"ಕಟ್ಟಿ ಒಡಿಸಿದೆ ರೇಣುಕಾ."

"ಗೊತ್ತಾತ್ರಿ ಸರ."

"ಅವತ್ತ ಸಭಾದಾಗ... ನಿನಗ ಮೊದಲ ಗೊತ್ತಿತ್ತೇನು, ಎಲ್ಲಿ ಕಟ್ಟೈತಿ ಅಂತ?"

ಅವಳು ಸೌಟು ಪಾತ್ರೆಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಗೊತ್ತಿತ್ರಿ. ಅರ್ಜಿ ಬರಸಾಕ ಬಂದ ದಿನಾನ ಗೊತ್ತಿತ್ತು. ನಾ ಹೇಳಿದ್ರ ನಿಮ್ಮ ಮ್ಯಾಲೆ ತಕರಾರು ಆಗತಿತ್ತು. ನೀವ ಹೇಳಿದ್ರ ನಿಮ್ಮ ದೊಡ್ಡತನ ಆಗತಿತ್ತು. ಅದಕ್ಕ ನಿಮಗ ಬಿಟ್ಟೆ."

"ಹೇಳಿಬಿಡಬೇಕಾಗಿತ್ತವ್ವ ನೀನು."

"ಹೌದ್ರಿ ಸರ," ಅಂದಳು. "ನನಗೂ ಈಗ ಹಂಗ ಅನಸತೈತಿ. ಹುಸೇನಬಿ ಕೈ ನೋಡಿದಾಗೆಲ್ಲ ಅನಸತೈತಿ."

ನನ್ನ ತಪ್ಪಿನ ಒಂದು ಪಾಲನ್ನು ಅವಳು ತನ್ನ ತಲೆಯ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದಳು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದವನು, ಅವಳನ್ನು ಸಮಾಧಾನ ಮಾಡಲು ಮಾತು ಸಿಗದೆ ವಾಪಸು ಬಂದೆ.

ಈಗ ಎಂಟು ದಿನದ ಕೆಳಗೆ ಹುಸೇನಬಿ ನಮ್ಮ ಬಾಗಿಲಿಗೆ ಬಂದಳು. "ನೀರು ಈಗ ಛಲೋ ಹರಿಯಾಕತ್ತೈತಿ ನೋಡ್ರಿ ಮಾಸ್ತರ್ರೆ," ಅಂದಳು. ಅದರಲ್ಲಿ ಚುಚ್ಚುವ ದನಿ ಒಂದಿಷ್ಟೂ ಇರಲಿಲ್ಲ. ಅಂಗನವಾಡಿಯನ್ನು ನಮ್ಮ ಓಣಿಗೇ ವಾಪಸು ತರಿಸಬೇಕು, ಅದಕ್ಕೊಂದು ಅರ್ಜಿ ಬೇಕು ಅಂದಳು. "ನನಗ ಕೆಲಸ ಬ್ಯಾಡ್ರಿ, ಕೈಲಿ ಆಗಂಗಿಲ್ಲ. ಕೂಸುಗಳು ಬಾಗಿಲದಾಗ ಸುಮ್ಮನ ಕುಂತಿರತಾವ. ನೋಡಾಕ ಆಗವಲ್ದು."

ಬರೆದೆ. ಅರ್ಜಿದಾರರಲ್ಲಿ ಮೊದಲ ಹೆಸರು ನನ್ನದೇ ಹಾಕಿ ಸಹಿ ಮಾಡಿದೆ. ಹಾಳೆಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟೆ. ಅವಳು ಬಲಗೈಯಲ್ಲಿ ಪೆನ್ನು ಹಿಡಿದು "ಹು" ಬರೆದಳು. ಮುಂದೆ ಕೈ ನಡೆಯಲಿಲ್ಲ. ಎರಡು ಸಲ ಪ್ರಯತ್ನ ಮಾಡಿ ಪೆನ್ನು ಕೆಳಗಿಟ್ಟು ನಕ್ಕಳು.

"ರೇಣುಕಾ ಟೀಚರ್ ಕುಂತು ಕಲಿಸಿದ್ಲರಿ, ಮಕ್ಕಳು ಮಲಗಿದ ಹೊತ್ತಿನಾಗ. ಹುಸೇನಬಿ, ನಾಕ ಅಕ್ಷರ. ಮೊದಲ ಬರತಿತ್ತು. ಈಗ 'ಸೇ'ಕ್ಕ ಬಂದ್ರ ಕೈ ತಿರುಗಂಗಿಲ್ಲ. ಹೆಬ್ಬಟ್ಟ ಹಾಕ್ತೀನಿ ತಗೋರಿ."

ಮನೆಯಲ್ಲಿ ಮಸಿ ಪ್ಯಾಡು ಇರಲಿಲ್ಲ. ಪೆನ್ನಿನ ಶಾಯಿಯನ್ನೇ ಅವಳ ಎಡಗೈ ಹೆಬ್ಬೆಟ್ಟಿಗೆ ಸವರಿ, ನಾನೇ ಹಿಡಿದು, "ಹು" ಅಕ್ಷರದ ಪಕ್ಕ ಒತ್ತಿಸಿದೆ.

"ಜಲ್ದಿ ಹೋಗ್ರಿ, ಆಫೀಸಿನವ್ರು ಊಟಕ್ಕ ಎದ್ದು ಹೋಗ್ತಾರ," ಅಂದಳು.

ಇಲಾಖೆಯ ಆಫೀಸಿಗೆ ಹೋದೆ. ಹೊಸ ಕಟ್ಟಡ ಮಂಜೂರಾದರೆ ನೋಡೋಣ, ಈಗ ಏನೂ ಹೇಳಲು ಬರುವುದಿಲ್ಲ ಅಂದರು. ಅರ್ಜಿಯನ್ನು ಮಾತ್ರ ತೆಗೆದುಕೊಂಡರು. ಗುಮಾಸ್ತ ಹಾಳೆ ತಿರುವಿ ಹೆಬ್ಬೆಟ್ಟು ನೋಡಿದ.

"ಏನ್ ಸರ, ಇಷ್ಟು ವರ್ಷ ಊರಿಗೆಲ್ಲ ಕಲಿಸಿದ್ರಿ. ನಿಮ್ಮ ಓಣ್ಯಾಗ ಇನ್ನಾ ಹೆಬ್ಬಟ್ಟ ಅದಾವೇನ್ರಿ?"

ನನ್ನ ಹಿಂದೆ ಐದಾರು ಜನ ಸಾಲಿನಲ್ಲಿ ನಿಂತಿದ್ದರು. ಎಲ್ಲರೂ ಪರಿಚಯದವರೇ.

"ಆಕಿಗೆ ಸಹಿ ಬರತಿತ್ತಪ್ಪ," ಅಂದೆ. "ನಾ ಗಟಾರ ಮುಚ್ಚಿ ಕಟ್ಟಿ ಕಟ್ಟಿಸಿದ್ದೆ. ಆ ನೀರಾಗ ಬಿದ್ದು ಆಕಿ ಕೈ ಹೋತು."

ಗುಮಾಸ್ತ ತಲೆ ತಗ್ಗಿಸಿ ಮುದ್ರೆ ಒತ್ತಿದ.